ಥಡಿಯಸ್ ಕ್ವಾಶಿ ಹುಡುಕುತ್ತಿರುವ ಮನುಷ್ಯ

ನಮ್ಮ ದ್ವೀಪದ ಠಾಣೆಗೆ ಇರುವವನು ಒಬ್ಬನೇ ಕಾನ್‌ಸ್ಟೆಬಲ್, ಥಡಿಯಸ್ ಕ್ವಾಶಿ. ಹನ್ನೊಂದು ವರ್ಷಗಳಲ್ಲಿ ಅವನು ಹಿಡಿದು ಕಟ್ಟಿದ್ದು ಮೂರು ಮೇಕೆಗಳನ್ನು. ಅವೂ ಜಾಮೀನಿಲ್ಲದೆ ಬಿಡುಗಡೆಯಾದವು. ಕಳೆದ ಫೆಬ್ರವರಿಯಲ್ಲಿ ದೊಡ್ಡ ದ್ವೀಪದ ಕೇಂದ್ರ ಕಚೇರಿಯಿಂದ ಪತ್ರ ಬಂತು: ಅಪರಾಧವೇ ಇಲ್ಲದ ಊರಿಗೆ ಠಾಣೆ ಅನಗತ್ಯ, ತಿಂಗಳ ಕೊನೆಗೆ ಬೀಗ ಹಾಕಿ ರಾಜಧಾನಿಯ ಬಂದರು ಠಾಣೆಗೆ ಹಾಜರಾಗತಕ್ಕದ್ದು.

ಥಡಿಯಸ್‌ಗೆ ಐವತ್ತಮೂರು. ಬಂದರಿನಲ್ಲಿ ಇರುವವರು ನಿಜವಾದ ಕಳ್ಳರು, ಓಡುತ್ತಾರೆ. ಇವನ ಮಂಡಿಗಳು ಮೇಕೆಯ ವೇಗಕ್ಕೆ ಮಾತ್ರ ಒಗ್ಗಿದಂಥವು. ಹಗಲೆಲ್ಲ ಠಾಣೆ, ಬೆಳಿಗ್ಗೆ ಗುಡ್ಡದ ಮೇಲಿನ ತೊಗರಿ ಹೊಲ, ಇಷ್ಟರಲ್ಲೇ ಸಾಯುವುದು ಅವನ ಆಸೆಯಾಗಿತ್ತು.

ಪತ್ರ ಬಂದ ಮರುವಾರ, ಹರಿದ ಟೋಪಿಯಲ್ಲಿ, ಕೈಯಲ್ಲಿ ಮಚ್ಚು ಹಿಡಿದು ಅವನು ಹೊಲದಿಂದ ಇಳಿಯುತ್ತಿದ್ದಾಗ ಪ್ರವಾಸಿ ಮಹಿಳೆಯೊಬ್ಬರು ಎದುರಾದರು. ಥಡಿಯಸ್ ಶುಭೋದಯ ಹೇಳಿದ. ಆಕೆ ಮಾತಾಡಲಿಲ್ಲ. ನಮ್ಮಲ್ಲಿ ಎದುರಾದವರಿಗೆ ಮರುನುಡಿ ಹೇಳದವನು ಒಂದೋ ಸಂಸ್ಕಾರವಿಲ್ಲದವನು, ಇಲ್ಲವೇ ಸತ್ತವನು. ಆದ್ದರಿಂದ ಅವನು ಇನ್ನೂ ಜೋರಾಗಿ ಹೇಳಿದ. ಮೂರನೆಯ ಸಲ, ಹಿಂದಿನಿಂದ, ಅಕ್ಷರಶಃ ಕೂಗಿದ. ಆಕೆ ಓಡಿದರು.

ಒಂಬತ್ತಕ್ಕೆ ಆಕೆ, ಶ್ರೀಮತಿ ಓಲ್ಸನ್, ಠಾಣೆಯಲ್ಲಿದ್ದರು. ಅಷ್ಟರಲ್ಲಿ ಮಿಂದು, ಸಮವಸ್ತ್ರ ತೊಟ್ಟಿದ್ದ ಥಡಿಯಸ್ ದೂರು ಬರೆದುಕೊಳ್ಳತೊಡಗಿದ.

"ಎಷ್ಟು ಎತ್ತರ ಇದ್ದ, ಅಮ್ಮಾ?"

"ಆರೂವರೆ ಅಡಿ. ಕೆಂಡದಂಥ ಕಣ್ಣು. ಇಷ್ಟುದ್ದ ಮಚ್ಚು. ಹರಿದ ಟೋಪಿ. ಮೂರು ಸಲ ಬೆದರಿಕೆ ಹಾಕಿದ."

ಟೋಪಿಯ ಬಳಿ ಬಂದಾಗ ಥಡಿಯಸ್‌ನ ಪೆನ್ನು ನಿಂತಿತು.

ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನನ್ನು ಅವನು ಹುಡುಕಿಕೊಂಡು ಬಂದಾಗ ನಾನು ವೆರ್ನಕ್ಕನ ಅಂಗಡಿಯಲ್ಲಿ ಉಪ್ಪುಮೀನು ಕೊಳ್ಳುತ್ತಿದ್ದೆ. ಕಥೆ ಕೇಳಿ ವೆರ್ನಕ್ಕ ತಕ್ಕಡಿಯನ್ನೇ ಕೈಬಿಟ್ಟಳು.

"ದೇವರೇ ಕಳಿಸಿದ ಕೇಸು ಕಣೋ! ಪುಸ್ತಕದಲ್ಲಿ ಬರ್ಕೊಂಡು ಸುಮ್ನಿರು, ಠಾಣೆ ಉಳಿಯುತ್ತೆ."

"ಸುಳ್ಳು ಬರೀಲಾ, ವೆರ್ನಕ್ಕ?"

"ಸುಳ್ಳೆಲ್ಲಿ ಬಂತೋ? ಮಚ್ಚು ಇತ್ತೋ ಇಲ್ವೋ? ಕಿರುಚಿದ್ಯೋ ಇಲ್ವೋ? ಹುಟ್ಟಿದಾಗಿಂದ್ಲೂ ನಿನ್ನ ಗಂಟಲು ಕತ್ತೇದೇ."

"ಮೇಷ್ಟ್ರೇ, ನೀವಾದ್ರೂ ಹೇಳಿ."

ಪ್ರಯೋಗಕ್ಕೆ ಸಿಗುವ ಸತ್ಯವನ್ನು ಬಿಟ್ಟು ಊಹೆಗೆ ಜೋತುಬೀಳುವುದು ನನ್ನಿಂದಾಗದು. "ಅದೇ ಟೋಪಿ ಹಾಕ್ಕೊಂಡು ಹೋಗಿ ಒಪ್ಕೊಂಡ್ಬಿಡು" ಎಂದೆ. ಒಪ್ಪಿಕೊಂಡರೆ ಠಾಣೆ ಕೈತಪ್ಪುವುದೆಂದು ಇಬ್ಬರಿಗೂ ಗೊತ್ತಿತ್ತು. ಅವನು ನಿಟ್ಟುಸಿರಿಟ್ಟು ಟೋಪಿ, ಮಚ್ಚು ತರಲು ಹೋದ. ನಾನೂ ಜೊತೆಗೆ ಹೊರಟೆ.

ಅತಿಥಿಗೃಹದ ಜಗಲಿಯಲ್ಲಿ ಶ್ರೀಮತಿ ಓಲ್ಸನ್ ಅವನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದರು. ಮಚ್ಚನ್ನೂ ಮುಟ್ಟಿ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡರು.

"ನನ್ನ ಹೆದರಿಕೆ ಹೋಗ್ಲಿ ಅಂತ ಈ ವೇಷ ಹಾಕ್ಕೊಂಡು ಬಂದ್ರಾ? ಎಂಥ ಒಳ್ಳೆ ಮನಸ್ಸು!"

"ವೇಷ ಅಲ್ಲಮ್ಮಾ, ಅವನು ನಾನೇ. ಬೇಕಾದ್ರೆ ಕೂಗಿ ತೋರಿಸ್ತೀನಿ." ಕೂಗಿದ. ಗುಡ್ಡದ ಕೋಳಿಗಳೆಲ್ಲ ಎದ್ದವು.

"ಛೇ, ಅವನ ದನಿ ಇಷ್ಟು ಮೃದುವಾಗಿರಲಿಲ್ಲ. ನೋಡಿ, ಅವನನ್ನ ನಾನು ಕಂಡಿದೀನಿ, ನೀವು ಕಂಡಿಲ್ಲ."

ನೆನಪು ಉಗ್ರಾಣವಲ್ಲ, ಪ್ರತಿ ಬಾರಿಯೂ ಹೊಸದಾಗಿ ಕಟ್ಟುವ ಮನೆ ಎಂದು ಓದಿದ್ದೆ. ಕಟ್ಟಿದಾಕೆ ಒಳಗಿದ್ದವನನ್ನೇ ಹೊರಹಾಕಿ, ಆ ಮನೆಯ ಕಾವಲನ್ನು ಅವನಿಗೇ ಒಪ್ಪಿಸುವುದನ್ನು ಕಂಡಿದ್ದು ಅಂದೇ ಮೊದಲು.

ಥಡಿಯಸ್ ವರದಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದ: ಆರೋಪಿ ನಾನೇ, ದೂರುದಾರರು ಒಪ್ಪುತ್ತಿಲ್ಲ. ಶ್ರೀಮತಿ ಓಲ್ಸನ್ ಕೂಡ ಕೇಂದ್ರ ಕಚೇರಿಗೆ ನಾಲ್ಕು ಪುಟ ಬರೆದರು: ದ್ವೀಪದಲ್ಲಿ ರಾಕ್ಷಸನೊಬ್ಬ ತಿರುಗುತ್ತಿದ್ದಾನೆ, ಇಂಥ ಕರುಣಾಳು ಕಾನ್‌ಸ್ಟೆಬಲ್ ಇರುವುದರಿಂದ ನಾನು ಬದುಕಿದ್ದೇನೆ. ಕಚೇರಿಯು ಎರಡನ್ನೂ ತೂಗಿ ಆಜ್ಞೆ ಹೊರಡಿಸಿತು. ಆರೋಪಿ ಸಿಗುವವರೆಗೆ ಠಾಣೆ ಮುಚ್ಚಬಾರದು. ಕಾನ್‌ಸ್ಟೆಬಲ್‌ನ ತಪ್ಪೊಪ್ಪಿಗೆ ದಣಿವಿನಿಂದ ಉಂಟಾದದ್ದು, ತಿರಸ್ಕರಿಸಲಾಗಿದೆ. ಅವನಿಗೆ ಒಂದು ವಾರ ರಜೆ.

ಆ ರಜೆಯಲ್ಲಿ ಅವನು ಹೊಲವನ್ನು ಕಳೆಯಿಲ್ಲದಂತೆ ಮಾಡಿದ. ಈಗ ಪ್ರತಿ ಸೋಮವಾರ ಕೇಂದ್ರ ಕಚೇರಿಯ ಇನ್ಸ್‌ಪೆಕ್ಟರರ ಫೋನು ಬರುತ್ತದೆ. ಮೊನ್ನೆ ನಾನೂ ಠಾಣೆಯಲ್ಲೇ ಕುಳಿತಿದ್ದೆ.

"ಏನಯ್ಯಾ, ಆ ಮನುಷ್ಯ ಕಣ್ಣಿಗೆ ಬಿದ್ನಾ?"

"ಬಿದ್ದ ಸಾರ್, ಬೆಳಿಗ್ಗೇನೇ, ಕನ್ನಡೀಲಿ. ಗಡ್ಡ ಕೆರ್ಕೋತಿದ್ದ."

"ಮತ್ತೆ ಹಿಡೀಲಿಲ್ವಾ?"

"ಹಿಡಿದು ಒಪ್ಪಿಸಿದ್ದೆ ಸಾರ್. ನೀವೇ ಬಿಟ್ಬಿಡು ಅಂದ್ರಿ."

ಆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು. "ನಿನ್ ದಣಿವು ಇನ್ನೂ ಇಳಿದಿಲ್ಲ ಕಣಯ್ಯಾ," ಎಂದರು ಇನ್ಸ್‌ಪೆಕ್ಟರು. "ಹುಷಾರು. ಒಬ್ಬನೇ ಆ ಹೊಲದ ಕಡೆ ಹೋಗ್ಬೇಡ."