ಫ್ಯಾನಿನೊಳಗಿನ ಮಂಡಕ್ಕಿ

ಹೊನ್ನಾಳಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಹಳೆಯ ಕಾರಿನ ಏಸಿ ಫ್ಯಾನು ಬಿಚ್ಚಿ ಕೊಡವಿದ. ಪಕ್ಕದಲ್ಲೇ ನಿಂತಿದ್ದ ನನ್ನ ಹೆಂಡತಿಯ ಕಾಲ ಮೇಲೆ ಮಂಡಕ್ಕಿ, ಪೇಪರಿನ ಚೂರು, ಮಿರ್ಚಿಯ ತೊಟ್ಟುಗಳು ಸುರಿದವು.

"ಫ್ಯಾನು ಚೆನ್ನಾಗೈತೆ ಯಜಮಾನ್ರೇ. ಇಲಿ ಗೂಡು ಕಟ್ಟಿ ತಿರುಗದಂಗೆ ಮಾಡೈತೆ, ನೋಡ್ರಿ" ಎಂದ.

ಏಸಿಯೂ ಇಲ್ಲ, ಹೀಟರೂ ಇಲ್ಲ, ಗುಂಡಿ ಜೋರಾಗಿ ತಿರುಗಿಸಿ ನೀನೇ ಕೆಡಿಸಿದೆ ಎಂದು ತಿಂಗಳಿಂದ ಅವಳನ್ನು ಬೈದಿದ್ದೆ. ಪಾಪ, ಅವಳು ಸೆರಗಿನಿಂದ ಗಾಳಿ ಹಾಕಿಕೊಂಡು ಕೂರುತ್ತಿದ್ದಳು. ನನ್ನ ಬಿಪಿಗೆಂದು ಡಾಕ್ಟರು ಬಿಡಿಸಿದ್ದ ಮಂಡಕ್ಕಿ ಮಿರ್ಚಿಯನ್ನು ನಾನು ನ್ಯಾಮತಿಯಿಂದ ಗುಟ್ಟಾಗಿ ತಂದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಚ್ಚಿಡುತ್ತಿದ್ದುದು ಅವಳಿಗೆ ಗೊತ್ತಿರಲಿಲ್ಲ.

ಅವಳು ಒಂದು ತೊಟ್ಟನ್ನು ಎತ್ತಿ ಹಿಡಿದು ಕೇಳಿದಳು: "ಇಲಿ ಅಂಗಡಿಗೆ ಹೋಗಿ ಮಿರ್ಚಿ ಕಟ್ಟಿಸ್ಕಂಡು ಬರ್ತೈತೇನ್ರೀ?"

ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆ ಹಾಕಿ ನಕ್ಕ. ನಾನು ಅಲ್ಲೇ ತಪ್ಪೊಪ್ಪಿಕೊಂಡೆ.

ಈಗ ಫ್ಯಾನು ಚೆನ್ನಾಗಿ ತಿರುಗುತ್ತದೆ. ಗುಂಡಿ ಅವಳ ಕೈಯಲ್ಲಿದೆ. ಕಾರು ಹತ್ತಿದ ಕೂಡಲೇ ಅವಳು ಮೊದಲು ಖಾನೆ ತೆಗೆದು ಮೂಸುತ್ತಾಳೆ. ಆಗ ನಾನು ಬಹಳ ಶ್ರದ್ಧೆಯಿಂದ ರಸ್ತೆ ನೋಡುತ್ತೇನೆ.