ಸ್ಯಾಕ್ರಮೆಂಟೊ ಬಿಟ್ಟದ್ದು ಯಾರ ಕೆಲಸಕ್ಕೆ

ಎಂಬತ್ತರ ದಶಕದಲ್ಲಿ ನಾವು ಸ್ಯಾಕ್ರಮೆಂಟೊ ಬಿಟ್ಟು ಫ್ರೀಮಾಂಟಿಗೆ ಬಂದದ್ದು ನನ್ನ ಕೆಲಸಕ್ಕಾಗಿ. ಇಲ್ಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ನಮ್ಮವರು ತಮ್ಮ ಎಂಜಿನಿಯರ್ ಕೆಲಸ ಬಿಟ್ಟು ನನ್ನ ಜೊತೆ ಹೊರಟರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಐ ವಾಸ್ ಟಚ್ಡ್, ನಿಜವಾಗಿ. ಆದರೆ ಹೊರಡುವ ಮುನ್ನ ಮೈಸೂರಿಗೆ ಫೋನ್ ಮಾಡಿ, “ಬೇ ಏರಿಯಾದಲ್ಲಿ ನನಗೆ ಬೆಟರ್ ಆಪರ್ಚುನಿಟಿ ಇದೆ ಕಣೋ ಅಣ್ಣ” ಅಂದರು.

ಫ್ರೀಮಾಂಟಿನ ಪರಿಚಯದವರಿಗೂ ಅದೇ ಕಥೆ. ನಾವು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅವರಿಗೆ ಹತ್ತಿರದ ಪ್ಲೆಸೆಂಟನ್‌ನಲ್ಲಿ ಆ ಆಪರ್ಚುನಿಟಿ ಸಿಕ್ಕಿದ್ದು ನವರಾತ್ರಿಯ ಹೊತ್ತಿಗೆ. ನಾನು ತಿದ್ದಲಿಲ್ಲ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಗಂಡ ಕಥೆ ಕಟ್ಟುವಾಗ ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ, ಪಾಪ. ಒಂದೇ ಒಂದು ಸಲ, ನಾಲ್ಕು ಜನರ ಮುಂದೆ, ನಮ್ಮವರ ಬಾಯಿಂದಲೇ ನಿಜ ಬರಲಿ ಎಂಬ ಆಸೆ ಮಾತ್ರ ಒಳಗೇ ಇತ್ತು.

ಮರುವರ್ಷದ ಏಪ್ರಿಲ್ ಬಂತು, ಟ್ಯಾಕ್ಸ್ ಲೆಕ್ಕ ಕೊಡುವ ಕಾಲ. ನಮ್ಮ ಜನರ ಟ್ಯಾಕ್ಸ್ ನೋಡುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಅಕೌಂಟೆಂಟು. ಪಕ್ಕದ ಊರು ನೆವಾರ್ಕ್‌ನಲ್ಲಿ ಅವರ ಮನೆಯ ಡೈನಿಂಗ್ ಟೇಬಲ್ಲೇ ಆಫೀಸು. ಮುಂದಿನ ಸರದಿಯವರು ಪಕ್ಕದ ಸೋಫಾದಲ್ಲಿ ಚಕ್ಕುಲಿ ತಿನ್ನುತ್ತ ಎಲ್ಲರ ಸಂಬಳವನ್ನೂ ಕೇಳಿಸಿಕೊಳ್ಳುವರು. ಪ್ರೈವಸಿ ಎಂಬುದು ಆಗಿನ್ನೂ ನಮ್ಮ ಜನರನ್ನು ಮುಟ್ಟಿರಲಿಲ್ಲ.

ಕೆಲಸಕ್ಕಾಗಿ ಊರು ಬದಲಾಯಿಸಿದರೆ ಸಾಗಣೆಯ ಖರ್ಚನ್ನು ಟ್ಯಾಕ್ಸ್ ಲೆಕ್ಕದಲ್ಲಿ ಕಳೆಯಬಹುದಿತ್ತು. ನಮ್ಮವರು ರಸೀದಿಗಳನ್ನು ಹರಡಿದರು. ಟ್ರಕ್ಕಿನ ಬಾಡಿಗೆ, ರಟ್ಟಿನ ಪೆಟ್ಟಿಗೆ. ಕೊನೆಯಲ್ಲಿ, ಹೊಸ ಅಪಾರ್ಟ್‌ಮೆಂಟಿನಲ್ಲಿ ಹಾಲುಕ್ಕಿಸಿದ ದಿನ ಪುರೋಹಿತರಿಗೆ ಕೊಟ್ಟ ದಕ್ಷಿಣೆಯ ಚೀಟಿ.

“ಇದೆಂತ ಮಾರಾಯ್ರೇ?”

“ಹಾಲುಕ್ಕಿಸ್ದೆ ಮನೆಗೆ ಹೋಗಕ್ಕಾಗತ್ತಾ ಸಾರ್? ಮೂವಿಂಗ್ ಎಕ್ಸ್‌ಪೆನ್ಸೇ ಅಲ್ವಾ!”

“ಪುರೋಹಿತರನ್ನು ಟ್ರಕ್ಕಲ್ಲಿ ಹಾಕ್ಕೊಂಡು ತಂದಿದ್ರೆ ನೋಡ್ಬಹುದಿತ್ತು.”

ಸೋಫಾ ನಕ್ಕಿತು. ಅಕೌಂಟೆಂಟರು ಕನ್ನಡಕ ಸರಿಮಾಡಿಕೊಂಡು ಕೇಳಿದರು: “ಬಂದ ಮೇಲೆ ಮೊದಲ ವರ್ಷದಲ್ಲಿ ಮುಕ್ಕಾಲು ಭಾಗವಾದ್ರೂ ಫುಲ್‌ಟೈಮ್ ಕೆಲಸ ಮಾಡಿರ್ಬೇಕು. ನೀವು ಸೇರಿದ್ದು ಯಾವಾಗ?”

ನಮ್ಮವರು ಕೆಮ್ಮಿದರು. “ನವರಾತ್ರಿ ಟೈಮಲ್ಲಿ.”

“ಹಾಗಾದ್ರೆ ಇಲ್ಲ. ಫೆಡರಲ್ ಟ್ಯಾಕ್ಸಿಗೂ ಇಲ್ಲ, ಸ್ಟೇಟ್ ಟ್ಯಾಕ್ಸಿಗೂ ಇಲ್ಲ.”

ನಮ್ಮವರು ಮುಖ ಸಣ್ಣದು ಮಾಡಿಕೊಂಡು ರಸೀದಿ ಒಟ್ಟುಗೂಡಿಸತೊಡಗಿದರು. ಆಗ ಅಕೌಂಟೆಂಟರು ನನ್ನ ಕಡೆ ತಿರುಗಿದರು. “ನೀವು?”

“ಬಂದ ವಾರದಿಂದ ಲ್ಯಾಬಲ್ಲಿದೀನಿ.”

“ಅದನ್ನು ಮೊದಲೇ ಹೇಳ್ಬಾರ್ದಾ! ಗಂಡ ಹೆಂಡತಿ ಸೇರಿ ಜಾಯಿಂಟ್ ರಿಟರ್ನ್ ಅಲ್ವಾ, ಒಬ್ಬರದ್ದಿದ್ರೆ ಸಾಕು.” ಮತ್ತೆ ನಮ್ಮವರನ್ನು ನೋಡಿ, “ನೀವೆಲ್ಲ ಬಂದದ್ದು ಯಾರ ಕೆಲಸಕ್ಕೆ?”

ಸೋಫಾದಲ್ಲಿ ಚಕ್ಕುಲಿ ಮುರಿಯುವ ಸದ್ದು ನಿಂತಿತು. ಸಿಸ್ಟರುಗಳು ಕಲಿಸಿದಂತೆ ನಾನು ಬಾಯಿ ಹಾಕಲಿಲ್ಲ. ನಮ್ಮವರು ರಸೀದಿಗಳನ್ನು ನೋಡಿದರು, ಸೋಫಾ ನೋಡಿದರು, ಮತ್ತೆ ರಸೀದಿಗಳನ್ನು ನೋಡಿದರು.

“ಇವಳದ್ದಕ್ಕೆ.”

“ಸ್ವಲ್ಪ ಜೋರಾಗಿ ಹೇಳಿ ಮಾರಾಯ್ರೇ, ನನ್ನ ಕಿವಿ ಮಂದ.”

“ಇವಳ ಕೆಲಸಕ್ಕೆ ಸಾರ್!”

ಕಾರಿನಲ್ಲಿ ಕೂತ ಮೇಲೆ ನಮ್ಮವರು, “ಅದು ಟ್ಯಾಕ್ಸಿಗೆ ಮಾತ್ರ, ಗೊತ್ತಾಯ್ತಾ?” ಅಂದರು.

“ಗೊತ್ತಾಯ್ತು ರೀ.”

ಆದರೆ ರೀಫಂಡ್ ಬಂದ ಮೇಲೆ ಅವರಿಗೆ ತಡೆಯಲಾಗಲಿಲ್ಲ. ಟ್ಯಾಕ್ಸಿನ ಬಗ್ಗೆ ಬುದ್ಧಿ ಹೇಳುವುದೆಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಯಾರಾದರೂ ಹೊಸದಾಗಿ ಮನೆ ಬದಲಾಯಿಸಿದರೆ ಸಾಕು, ಪಾರ್ಟಿಯಲ್ಲಿ ಊಟದ ತಟ್ಟೆ ಹಿಡಿದುಕೊಂಡೇ ಅವರ ಪಕ್ಕ ಹೋಗಿ ನಿಲ್ಲುವರು: “ನನ್ ಜಾಬಿಂದ ಸಿಗ್ತಿರ್ಲಿಲ್ಲ ರೀ. ನಾವ್ ಬಂದಿದ್ದೇ ಇವಳ ಜಾಬಿಗೆ ಅಂತ ತೋರಿಸ್ದೆ. ಅದು ನಿಜಾನೂ ಹೌದು ಅನ್ನಿ.”

ಈಗ ಅವರಿಲ್ಲ. ಎಷ್ಟು ಮನೆಗಳಲ್ಲಿ, ಎಷ್ಟು ಜನರ ಮುಂದೆ ಆ ಮಾತು ಹೇಳಿದರೋ! ಜಾಬು ನನ್ನದೆಂದು ಒಪ್ಪಿಕೊಳ್ಳುತ್ತಲೇ, ಆ ಉಪಾಯ ಮಾತ್ರ ಪೂರ್ತಿ ತಮ್ಮದೇ ಎಂಬಂತೆ ಹೇಳುತ್ತಿದ್ದರು. ಅದನ್ನೂ ನಾನು ತಿದ್ದಲಿಲ್ಲ.