ಗೊರಕೆಯನ್ನೇ ಹೊಡೆಯದ ದೊರೆಸ್ವಾಮಿಗಳು

ಗೋಕುಲಂನ ದೊರೆಸ್ವಾಮಿಗಳು ಹುಟ್ಟಿದಾರಭ್ಯ ಗೊರಕೆ ಹೊಡೆದವರೇ ಅಲ್ಲ. ಬೇಕಾದರೆ ಅವರನ್ನೇ ಕೇಳಿ. ಮದುವೆಮನೆಯಲ್ಲಿ ಓಲಗ ನಿಂತ ಮೇಲೂ ಮುಂದಿನ ಸಾಲಿನಿಂದ ಒಂದು ನಾದ ಬರುತ್ತಲೇ ಇರುತ್ತದೆ. ಹೆಂಡತಿ ಚೂಡಾಮಣಿ ತಟ್ಟಿದರೆ, "ಕಣ್ಮುಚ್ಚಿ ಯೋಚ್ನೆ ಮಾಡ್ತಿದ್ದೆ ಕಣೇ" ಎನ್ನುತ್ತಾರೆ. ಯೋಗ ಕಲಿಯಲು ಬಂದು ಮಹಡಿಯಲ್ಲಿ ಬಾಡಿಗೆಗಿರುವ ವಿದೇಶಿ ಹುಡುಗಿ, ಕೆಳಗಡೆ ದಿನಾ ಓಡುವುದು ಯಾವ ಮೆಷೀನು ಎಂದು ಕೇಳಿದ್ದಕ್ಕೆ, "ದೋಸೆಹಿಟ್ಟಿನ ಗ್ರೈಂಡರು" ಎಂದುಬಿಟ್ಟವರು ಅವರು. ಚೂಡಾಮಣಿಯ ಕಾಟ ತಾಳದೆ ಕೊನೆಗೆ ಡಾಕ್ಟರ ಹತ್ತಿರ ಹೋದರು. ಒಂದು ರಾತ್ರಿ ನಿದ್ದೆಯಲ್ಲಿ ಉಸಿರು ಹೇಗಿದೆಯೆಂದು ನೋಡಲು ಡಾಕ್ಟರು ಅಂಗೈಯಗಲದ ಯಂತ್ರವೊಂದನ್ನು ಮನೆಗೆ ಕೊಟ್ಟು ಕಳಿಸಿದಾಗ, ಎದೆಗೆ ಪಟ್ಟಿ, ಮೂಗಿಗೆ ನಳಿಕೆ, ಬೆರಳಿಗೆ ಕ್ಲಿಪ್ಪು, ಮೇಲೊಂದು ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, ಫೋಟೋ ತೆಗೆಸಿಕೊಳ್ಳುವವರಂತೆ ಮಲಗಿದರು. ವರದಿಯಲ್ಲಿ ಅಂಥ ದೋಷವೇನೂ ಕಾಣಲಿಲ್ಲ. "ನೋಡಿದ್ಯಾ? ಸುಳ್ಳು ಹೇಳು ಅಂತ ಮೆಷೀನಿಗೆ ನಾನೇನ್ ಲಂಚ ಕೊಟ್ಟಿದ್ನಾ?" ಎಂದು ಡಾಕ್ಟರ ಎದುರೇ ಮೀಸೆ ತಿರುವಿದರು. ಡಾಕ್ಟರಿಗೇಕೋ ಅನುಮಾನ. "ಅಮ್ಮಾ, ನೀವೇನಾದ್ರೂ ಅವರನ್ನ ಎಬ್ಬಿಸಿದ್ರಾ?" "ಎಬ್ಬಿಸ್ಲಿಲ್ಲಪ್ಪ. ಉಸಿರು ನಿಂತಾಗೆಲ್ಲ ಎಂದಿನ ಹಾಗೆ ಮೊಣಕೈಲಿ ತಿವಿದೆ, ಅಷ್ಟೇ" ಎಂದರು ಚೂಡಾಮಣಿ. "ಹಾಗಾದ್ರೆ ಇದು ನಿಮ್ಮ ಮೊಣಕೈಯ ವರದಿ ಕಣಮ್ಮ! ಉಸಿರು ನಿಲ್ಲೋ ಕಾಯಿಲೆ ಗೊತ್ತಾಗದೆ ಉಳಿದ್ರೆ ಅವರ ಹೃದಯಕ್ಕೆ ಅಪಾಯ. ಇವತ್ತು ಇನ್ನೊಂದ್ಸಲ ಹಾಕೋಣ, ನೀವು ಬೇರೆ ರೂಮಲ್ಲಿ ಮಲಗಿ." ಚೂಡಾಮಣಿ ಆಗಲೆಂದು ತಲೆಯಾಡಿಸಿದರು. ದೊರೆಸ್ವಾಮಿಗಳ ಕೈ ಮೀಸೆಯಿಂದ ಮೆಲ್ಲಗೆ ಇಳಿದು ಹೆಂಡತಿಯ ಸೆರಗಿನ ತುದಿ ಹಿಡಿಯಿತು. "ಅದ್ಹೇಗಾಗತ್ತೆ ಡಾಕ್ಟ್ರೇ? ಉಸಿರು ನಿಂತಾಗ ಇವಳು ತಿವೀದೇ ಇದ್ರೆ ನಾನು ಏಳೋದು ಹೇಗೆ?"